ನೀರಿಲ್ಲವೋ, ಲೆಕ್ಕ ಬಂದಿಲ್ಲವೋ? 'ನೋ ಡೇಟಾ'ಗೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ. ನೀರು ಸರಬರಾಜಿನ ಕಂಪ್ಯೂಟರ್ ಪರದೆಗೆ ಒಂದು ಚಿಕ್ಕ ಮಾತು ಬೇಕಾಗಿದೆ. ಮೀಟರ್‌ನಿಂದ ಅಂಕಿ ಬಾರದೇ ಇದ್ದಾಗ ಇಂಗ್ಲಿಷ್ ಪರದೆಯಲ್ಲಿ 'ನೋ ಡೇಟಾ' ಅಂತ ಬರುತ್ತದೆ. ಆ ಜಾಗದಲ್ಲಿ ಕನ್ನಡದಲ್ಲಿ ಏನು ಹಾಕಬೇಕು?

ಹಿನ್ನೆಲೆ ಇಷ್ಟು. ಒಂದು ನಗರದ ಪಂಪ್‌ಹೌಸ್ ಸಿಬ್ಬಂದಿಗೆ ಕನ್ನಡ ಕೈಪಿಡಿ ಬರೆದುಕೊಡುತ್ತಿದ್ದೇನೆ. ಇಲ್ಲಿಯವರೆಗೆ ಅಲ್ಲಿನ ಆಪರೇಟರ್ ಗಂಟೆಗೊಮ್ಮೆ ಲಾಗ್ ಬುಕ್ಕಿನಲ್ಲಿ ಟ್ಯಾಂಕಿನ ಮಟ್ಟ, ಪಂಪ್ ಶುರುವಾದ ಹೊತ್ತು, ನಿಂತ ಹೊತ್ತು, ಫ್ಲೋ ಮೀಟರ್ ರೀಡಿಂಗ್, ಕ್ಲೋರಿನ್ ಎಲ್ಲ ಬರೆಯುತ್ತಿದ್ದರು. ಸಂಜೆ ಫೋನಿನಲ್ಲಿ ಕಚೇರಿಗೆ ಹೇಳುತ್ತಿದ್ದರು. ಅಲ್ಲಿ ಯಾರೋ ಎಕ್ಸೆಲ್‌ಗೆ ತುಂಬಿ ಬೆಳಿಗ್ಗೆ ಸಾಹೇಬರ ಮೇಜಿಗೆ ವರದಿ ಇಡುತ್ತಿದ್ದರು. ಇನ್ನು ಮುಂದೆ ಮೀಟರ್‌ಗೆ ಹಾಕಿದ ಸಿಮ್ ಮೂಲಕ ಅಂಕಿಗಳು ನೇರ ಕಂಪ್ಯೂಟರ್‌ಗೆ ಹೋಗುತ್ತವೆ, ವರದಿಯೂ ತಾನೇ ತಯಾರಾಗುತ್ತದೆ. ಸ್ಕಾಡಾ ಅಂತ ಕರೆಯುವುದು ಇದನ್ನೇ.

ಹಳೆಯ ಪುಸ್ತಕದಲ್ಲಿ ಅಂಕಿ ಇಲ್ಲದ ಕಡೆ ಏನು ಬರೆದಿದ್ದಾರೆ ಅಂತ ಹುಡುಕಿದೆ. 'ಕರೆಂಟ್ ಹೋಗಿತ್ತು', 'ಮೀಟರ್ ಕೆಟ್ಟಿದೆ', 'ಮೇಲಿಂದ ನೀರು ಬಿಟ್ಟಿಲ್ಲ'. ಮೂರೂ ಬೇರೆ ಬೇರೆ ವಿಷಯ, ಅಲ್ವಾ? ಮೂರನೆಯದರಲ್ಲಿ ಮಾತ್ರ ಸೊನ್ನೆ ಅನ್ನುವುದು ನಿಜವಾದ ಅಂಕಿ. ಮೊದಲನೆಯದರಲ್ಲಿ ಪಂಪ್ ನಿಂತಿದ್ದರೂ ಎತ್ತರದ ಟ್ಯಾಂಕಿನಿಂದ ನೀರು ತಾನಾಗಿ ಇಳಿದು ಹೋಗುತ್ತಲೇ ಇರಬಹುದು. ಹೊಸ ಯಂತ್ರಕ್ಕೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡದಿದ್ದರೆ ಅದು ಮೂರಕ್ಕೂ ಒಂದೇ ಗುರುತು ಹಾಕುತ್ತದೆ. ಎಷ್ಟೋ ಸಲ ಸುಮ್ನೆ '0' ಅಂತ ತೋರಿಸಿಬಿಡುತ್ತದೆ.

ಆ ಸೊನ್ನೆ ವರದಿಗೆ ಸೇರಿದರೆ ಏನಾಗುತ್ತದೆ ನೋಡಿ. ಒಂದು ಬಡಾವಣೆಗೆ ಹೋಗುವ ಮುಖ್ಯ ಪೈಪಿನಲ್ಲಿ ಒಂದು ಮೀಟರ್, ಮನೆಗಳಲ್ಲಿ ಒಂದೊಂದು ಮೀಟರ್. ಒಳಗೆ ಹೋದ ನೀರಿನಿಂದ ಬಿಲ್ ಆದ ನೀರನ್ನು ಕಳೆದರೆ ಉಳಿಯುವುದು ಸೋರಿಕೆ, ಕಳ್ಳ ಸಂಪರ್ಕ, ಕೆಟ್ಟ ಮೀಟರ್ ಇತ್ಯಾದಿ. ಮುಖ್ಯ ಮೀಟರ್ ಕೆಲವು ಗಂಟೆ ಸುಮ್ಮನಿದ್ದು, ಅದನ್ನೆಲ್ಲ ಸೊನ್ನೆ ಅಂತ ಕೂಡಿದರೆ ಒಳಗೆ ಹೋದ ನೀರು ಕಡಿಮೆಯಾಗಿ ಕಾಣುತ್ತದೆ. ಸೋರಿಕೆ ಇಳಿದಂತೆ ಭಾಸವಾಗುತ್ತದೆ. ಜಾಸ್ತಿ ಹೊತ್ತು ಹೀಗಾದರೆ ಕೊಟ್ಟ ನೀರಿಗಿಂತ ಬಿಲ್ ಆದ ನೀರೇ ಹೆಚ್ಚು ಅನ್ನುವ ವಿಚಿತ್ರ ವರದಿಯೂ ಬರಬಹುದು! 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಶುರುವಾದ ಕಾವೇರಿ 5ನೇ ಹಂತದ ಸಾಮರ್ಥ್ಯ ದಿನಕ್ಕೆ 775 ದಶಲಕ್ಷ ಲೀಟರ್. ಅಷ್ಟು ದೊಡ್ಡ ಹರಿವಿನಲ್ಲಿ ಒಂದೇ ಒಂದು ಗಂಟೆ ಲೆಕ್ಕ ತಪ್ಪಿದರೂ ಮೂರು ಕೋಟಿ ಲೀಟರ್‌ಗೆ ಮೇಲಾಯಿತು.

ಸಮಾಧಾನದ ವಿಷಯವೂ ಒಂದಿದೆ. ಫ್ಲೋ ಮೀಟರ್‌ನಲ್ಲಿ ಎರಡು ಅಂಕಿ ಇರುತ್ತವೆ. ಒಂದು ಈ ಕ್ಷಣದ ಹರಿವು, ಇನ್ನೊಂದು ಶುರುವಿನಿಂದ ಇಲ್ಲಿಯವರೆಗಿನ ಒಟ್ಟು. ಸ್ಕೂಟರಿನಲ್ಲಿ ವೇಗದ ಮುಳ್ಳು ಮತ್ತು ಅದರ ಕೆಳಗಿನ ಕಿಲೋಮೀಟರ್ ಇದ್ದ ಹಾಗೆ. ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಮೀಟರ್‌ಗೆ ಕರೆಂಟ್ ಇದ್ದರೆ ಒಟ್ಟು ಏರುತ್ತಲೇ ಇರುತ್ತದೆ. ಸಿಗ್ನಲ್ ವಾಪಸ್ ಬಂದಾಗ ದಿನದ ಮೊತ್ತ ಸಿಗುತ್ತದೆ, ಆದರೆ ಯಾವ ಗಂಟೆಗೆ ಎಷ್ಟು ಅನ್ನುವುದು ಸಿಗದೇ ಹೋಗಬಹುದು. ನಮ್ಮ ಆಪರೇಟರ್‌ಗಳು ಎರಡನ್ನೂ 'ರೀಡಿಂಗ್' ಅನ್ನುತ್ತಾರೆ. ಕೈಪಿಡಿಯಲ್ಲಿ 'ಈಗಿನ ಹರಿವು', 'ಒಟ್ಟು ರೀಡಿಂಗ್' ಅಂತ ಬಿಡಿಸಿ ಬರೆದಿದ್ದೇನೆ. ಇದಕ್ಕೆ ಯಾರದ್ದೂ ತಕರಾರು ಬಂದಿಲ್ಲ.

ತಕರಾರು ಇರುವುದು ಆ 'ನೋ ಡೇಟಾ' ಮೇಲೆ. ತಂತ್ರಾಂಶದವರು ಮೊದಲು ಕೊಟ್ಟದ್ದು 'ಲಭ್ಯವಿಲ್ಲ'. ಸಾಲಿನ ಆರಂಭದಲ್ಲಿ ಬಡಾವಣೆಯ ಹೆಸರು, ಮುಂದೆ 'ಲಭ್ಯವಿಲ್ಲ'. ಓದಿದವರು ಏನಂದುಕೊಳ್ಳುತ್ತಾರೆ? ಆ ಬಡಾವಣೆಗೆ ಇವತ್ತು ನೀರಿಲ್ಲ ಅಂತಲೇ. ಆಮೇಲೆ 'ಖಾಲಿ' ಅಂತ ಬದಲಾಯಿಸಿದರು. ಟ್ಯಾಂಕಿನ ಹೆಸರಿನ ಮುಂದೆ 'ಖಾಲಿ' ಅಂತ ಬಂದರೆ ಇನ್ನೇನು ಗತಿ! 'ದತ್ತಾಂಶ ಇಲ್ಲ' ಅಂದರೆ ತಪ್ಪಿಲ್ಲ. ಆದರೆ ಪಂಪ್‌ಹೌಸ್‌ನಲ್ಲಿ ಯಾರ ಬಾಯಲ್ಲೂ ಆ ಪದ ಕೇಳಿಲ್ಲ. 'ಮಾಹಿತಿ ಇಲ್ಲ' ಅಂದರೆ 'ನನಗೆ ಗೊತ್ತಿಲ್ಲ' ಅಂತ ಆಪರೇಟರ್ ಜಾರಿಕೊಂಡ ಹಾಗೆ ಕೇಳಿಸುತ್ತದೆ.

ನನ್ನ ಒಲವು 'ಲೆಕ್ಕ ಬಂದಿಲ್ಲ' ಕಡೆಗೆ. ಬಾರದೇ ಇರುವುದು ನೀರಲ್ಲ, ಲೆಕ್ಕ ಅನ್ನುವುದು ಸ್ಪಷ್ಟ. 'ಇಲ್ಲ' ಅಂದರೆ ಮುಗಿಯಿತು, 'ಬಂದಿಲ್ಲ' ಅಂದರೆ ಇನ್ನೂ ಬರಬಹುದು. ಸಿಗ್ನಲ್ ಹೋದಾಗಿನ ಸ್ಥಿತಿಯೂ ಅದೇ ತಾನೇ. ಮೀಟರ್ ಹಾಳಾದಾಗ ಪುಸ್ತಕದಲ್ಲಿ ಬರೆದಂತೆ 'ಮೀಟರ್ ಕೆಟ್ಟಿದೆ' ಅಂತಲೇ ಇರಲಿ.

ಕಚೇರಿಯ ಹಿರಿಯರೊಬ್ಬರು ಇದಕ್ಕೆ ಒಪ್ಪುತ್ತಿಲ್ಲ. ಲೆಕ್ಕ ಅಂದರೆ ದುಡ್ಡಿನ ವಿಷಯ, ಯಾರೋ ಲೆಕ್ಕ ಕೊಟ್ಟಿಲ್ಲ ಅಂತ ಆರೋಪ ಮಾಡಿದ ಹಾಗಾಗುತ್ತದೆ ಅನ್ನುತ್ತಾರೆ. ನನಗೆ ಅದಕ್ಕಿಂತ ಗಟ್ಟಿ ಅನಿಸುವ ತೊಡಕು ಇನ್ನೊಂದು. ಸೋರಿ, ಕಳುವಾಗಿ ಹೋಗುವ ನೀರಿಗೆ 'ಲೆಕ್ಕಕ್ಕೆ ಸಿಗದ ನೀರು' ಅನ್ನುವ ಮಾತು ಆಗಲೇ ಬಳಕೆಯಲ್ಲಿದೆ. ಅದೂ ಇದೇ ವರದಿಯಲ್ಲಿ ಇರುತ್ತದೆ. ಒಂದೇ ಹಾಳೆಯಲ್ಲಿ 'ಲೆಕ್ಕ ಬಂದಿಲ್ಲ', 'ಲೆಕ್ಕಕ್ಕೆ ಸಿಗದ' ಎರಡೂ ಇದ್ದರೆ ಗೊಂದಲ ಆಗಬಹುದೇ? ಹಾಗಾದರೆ 'ರೀಡಿಂಗ್ ಬಂದಿಲ್ಲ' ಅನ್ನಬಹುದು. ಕೊನೆಗೆ ಅದೇ ಗತಿ ಆದರೂ ನನಗೆ ಬೇಸರವಿಲ್ಲ, ಎಲ್ಲರೂ ಆಡುವ ಮಾತೇ ಅದು.

ಇದರ ಜೊತೆಗೆ ಇನ್ನೊಂದು. 'ಸ್ವಯಂಚಾಲಿತ' ಅನ್ನುವ ಪದ ಇಲ್ಲಿ ತಲೆನೋವಾಗಿದೆ. ಈ ವ್ಯವಸ್ಥೆ ಅಂಕಿಗಳನ್ನು ತಂದು ತೋರಿಸುತ್ತದೆ ಅಷ್ಟೇ, ವಾಲ್ವ್ ತಿರುಗಿಸುವುದು ಇನ್ನೂ ವಾಲ್ವ್‌ಮನ್ನೇ. 'ಸ್ವಯಂಚಾಲಿತ ವ್ಯವಸ್ಥೆ' ಅಂತ ಬೋರ್ಡ್ ನೋಡಿದ ಕೂಡಲೇ ಅವರು ಕೇಳಿದ್ದು, ನಮ್ಮ ಕೆಲಸ ಹೋಯ್ತಾ ಅಂತ. ಕೆಲವು ಕಡೆ ಸ್ಕಾಡಾದಿಂದ ದೂರದಲ್ಲೇ ಕೂತು ವಾಲ್ವ್ ತೆರೆದು ಮುಚ್ಚುವುದೂ ಉಂಟು, ಆದ್ದರಿಂದ ಅವರ ಭಯ ಸುಳ್ಳಲ್ಲ. ಅಂಕಿ ನೋಡುವುದಕ್ಕೆ ಮಾತ್ರ ಇರುವ ವ್ಯವಸ್ಥೆಗೂ, ವಾಲ್ವ್ ನಡೆಸುವುದೂ ಸೇರಿದ ವ್ಯವಸ್ಥೆಗೂ ಬೇರೆ ಬೇರೆ ಹೆಸರು ಬೇಕು.

ಹಳ್ಳಿಗಳ ಕಡೆ 'ನೀರುಗಂಟಿ' ಅನ್ನುವ ಒಳ್ಳೆಯ ಪದ ಇನ್ನೂ ಉಳಿದಿದೆ, ಕೆರೆ ತೂಬು ನೋಡಿಕೊಳ್ಳುತ್ತಿದ್ದವರ ಹೆಸರು ಪಂಚಾಯಿತಿಯ ನಲ್ಲಿ ನೀರು ಬಿಡುವವರಿಗೂ ಬಂದಿದೆ. ನೀರು ಎಷ್ಟು ಹೋಯಿತು, ಯಾವಾಗ ತಪ್ಪಿತು ಅನ್ನುವುದಕ್ಕೆ ಅವರ ಬಳಿ ಬೇರೆ ಮಾತುಗಳಿವೆಯೇ? ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು ನಿಮ್ಮ ಪಂಪ್‌ಹೌಸ್‌ಗಳಲ್ಲಿ ಕೇಳಿದ್ದನ್ನು ಹಾಗೇ ಬರೆಯಿರಿ. ಪರದೆಯ ಆ ಚೌಕದಲ್ಲಿ ಎರಡು ಪದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ ಅನ್ನುವುದು ನೆನಪಿರಲಿ.