ದೊಡ್ಡಪ್ಪನ ಮೂರು ಗುಂಡಿಯ ಲಂಡನ್ ಸೂಟು: ಇದನ್ನು ಈಗ ಏನು ಮಾಡಲಿ?

ಸರಸ್ವತಿಪುರದ_ಹುಡುಗ:

ಮೈಸೂರಿನ ಹಳೇ ಮನೆ ಖಾಲಿ ಮಾಡುವಾಗ ದೊಡ್ಡಪ್ಪನ ಟ್ರಂಕಿನಲ್ಲಿ ಒಂದು ಸೂಟು ಸಿಕ್ಕಿದೆ. ದೊಡ್ಡಪ್ಪ 1963ರಿಂದ 1968ರವರೆಗೆ ಲಂಡನ್ನಿನಲ್ಲಿದ್ದರು. ಅಲ್ಲಿ ಗುಮಾಸ್ತೆ ಕೆಲಸ. ನಾನು ನೋಡಿದ ದೊಡ್ಡಪ್ಪ ಯಾವಾಗಲೂ ಬಿಳಿ ಪಂಚೆ, ಅರ್ಧ ತೋಳಿನ ಶರ್ಟು. ಹಾಗಾಗಿ ಸೂಟು ನೋಡಿ ಮನೆಯವರೆಲ್ಲ ಒಂದೇ ಸಮ ನಕ್ಕರು. ಚಿಕ್ಕಮ್ಮ ಅಂತೂ "ಯಾವ ನಾಟಕದ ಕಂಪನಿಯಿಂದ ಎತ್ತಿಕೊಂಡು ಬಂದಿದ್ದರೋ" ಅಂದರು.

ಬಣ್ಣ ಯಾವುದು ಅಂತ ಹೇಳುವುದೇ ಕಷ್ಟ. ಈ ಕಡೆಯಿಂದ ನೀಲಿ, ಆ ಕಡೆಯಿಂದ ಕಂಚು. ಮುಂದೆ 3 ಗುಂಡಿ, ಮೊದಲನೆಯದು ಎದೆಯ ಮೇಲೇ ಶುರು. ಕಾಲರಿನ ಪಟ್ಟಿ ಎರಡು ಬೆರಳು ಅಗಲ ಅಷ್ಟೇ. ಬಲಗಡೆ ಜೇಬಿನ ಮೇಲೆ ಇನ್ನೊಂದು ಪುಟ್ಟ ಜೇಬು ಇದೆ. ಹಿಂದೆ ಎರಡೂ ಪಕ್ಕದಲ್ಲಿ ಸೀಳು, ಒಂದು ಅಡಿ ಹತ್ತಿರ ಉದ್ದ. ತೋಳಿನ ತುದಿಯ ಗುಂಡಿಗಳನ್ನು ನಿಜವಾಗಿಯೂ ಬಿಚ್ಚಬಹುದು. ಪ್ಯಾಂಟಿನ ಬಾಟಮ್ ಸುತ್ತಳತೆ 16 ಇಂಚು, ನನ್ನ ಪಾದ ತೂರುವುದೇ ಅನುಮಾನ.

ಇದು ಯಾವ ಕಾಲದ ಯಾವ ಫ್ಯಾಶನ್ನು? ಒಬ್ಬ ಗುಮಾಸ್ತೆಗೆ ಇಂಥದ್ದು ಎಟುಕುತ್ತಿತ್ತಾ? ಡಿಸೆಂಬರಿನಲ್ಲಿ ತಂಗಿಯ ಮದುವೆ ಇದೆ. ರಿಸೆಪ್ಶನ್ನಿಗೆ ಇದನ್ನೇ ಹಾಕಿಕೊಳ್ಳುವ ಆಸೆ. ಎದೆಯ ಹತ್ತಿರ ನನಗೆ ಎರಡು ಇಂಚು ಬಿಗಿ. ಬಿಚ್ಚಿಸಬಹುದಾ?

ಕಾಜಾಬಟನ್:

ನಮ್ಮ ತಂದೆ ಬೆಂಗಳೂರಿನ ಶಿವಾಜಿನಗರದಲ್ಲಿ ಕೋಟಿನ ಮಾಸ್ಟರ್ ಆಗಿದ್ದರು. ನಾನೂ ಅದೇ ಕತ್ತರಿ ಹಿಡಿದವನು. ಮೊದಲು ಕೋಟನ್ನು ಬೆಳಕಿಗೆ ಹಿಡಿದು ಹುಳ ತಿಂದಿದೆಯಾ ನೋಡಿ. ನುಸಿಗುಳಿಗೆ ಹಾಕಿಟ್ಟಿದ್ದರೂ ತೊಡೆಯ ಹತ್ತಿರ, ಕಾಲರಿನ ಅಡಿಯಲ್ಲಿ ತೂತು ಬಿದ್ದಿರುತ್ತದೆ.

ಆಮೇಲೆ ಎದೆಯ ಹತ್ತಿರ, ಕೆಳಗಿನ ಗುಂಡಿಯ ಪಕ್ಕ, ಹೊರಗಿನ ಬಟ್ಟೆಯನ್ನೂ ಒಳಗಿನ ಬಟ್ಟೆಯನ್ನೂ ಎರಡು ಬೆರಳಲ್ಲಿ ಹಿಡಿದು ಬೇರೆ ಮಾಡಿ ನೋಡಿ. ನಡುವೆ ಮೂರನೆಯ ಪದರವೊಂದು ತನ್ನಷ್ಟಕ್ಕೆ ಜಾರುತ್ತದಾ? ಜಾರಿದರೆ ಅದು ಕ್ಯಾನ್ವಾಸ್, ಕೈಯಲ್ಲಿ ಹೊಲಿದು ಕೂರಿಸಿದ್ದು. ಈಗಿನ ಅಗ್ಗದ ಕೋಟಿನಲ್ಲಿ ಇದನ್ನು ಅಂಟಿಸಿಬಿಡುತ್ತಾರೆ, ಅದು ಜಾರುವುದಿಲ್ಲ.

ಪಕ್ಕದ ಹೊಲಿಗೆಯಲ್ಲಿ ಎಷ್ಟು ಮಾರ್ಜಿನ್ ಬಿಟ್ಟಿದ್ದಾರೆ ಅನ್ನುವುದೇ ಮುಖ್ಯ. ಅಳತೆ ಕೊಟ್ಟು ಹೊಲಿಸಿದ ಕೋಟಾದರೆ ಸಾಮಾನ್ಯವಾಗಿ ಚೆನ್ನಾಗಿಯೇ ಬಿಟ್ಟಿರುತ್ತಾರೆ, ಗಿರಾಕಿ ದಪ್ಪ ಆಗಿಯೇ ಆಗುತ್ತಾನೆ ಅಂತ. ಎರಡು ಇಂಚು ಸಿಗಬಹುದು. ಭುಜ ಮಾತ್ರ ಯಾರಿಗೂ ಮುಟ್ಟಲು ಕೊಡಬೇಡಿ.

ಎದೆಯ ಒಳಜೇಬು ತಿರುಗಿಸಿ ನೋಡಿ. ಹಳೇ ಟೈಲರ್‌ಗಳು ಅಲ್ಲಿ ಗಿರಾಕಿಯ ಹೆಸರು, ತಾರೀಖು ಬರೆದ ಚೀಟಿ ಹೊಲಿದಿರುತ್ತಾರೆ.

ಸರಸ್ವತಿಪುರದ_ಹುಡುಗ:

ಚೀಟಿ ಇದೆ! ದೊಡ್ಡಪ್ಪನ ಹೆಸರು ಶಾಯಿಯಲ್ಲಿ ಬರೆದಿದೆ, ನವೆಂಬರ್ 1965. ಅಂಗಡಿಯ ಹೆಸರು ಸವೆದುಹೋಗಿದೆ. 'ಲಂಡನ್ ಇ. 1' ಅಂತ ಮಾತ್ರ ಓದಬಹುದು. ನಡುವಿನ ಪದರ ಜಾರುತ್ತದೆ. ತೂತು ಒಂದೇ, ತೋಳಿನ ಒಳಗಡೆ.

ಈಸ್ಟ್‌ಹ್ಯಾಮ್_ರಾಯರು:

ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಾದಾಗ ಓದಿ.

ಇ. 1 ಅನ್ನುವುದು ಪೂರ್ವ ಲಂಡನ್ನಿನ ಅಂಚೆ ವಲಯ, ಅಂದರೆ ವೈಟ್‌ಚಾಪೆಲ್, ಸ್ಪಿಟಲ್‌ಫೀಲ್ಡ್ಸ್ ಕಡೆ. ಯಹೂದಿ ದರ್ಜಿಗಳ ಕೇರಿ. 1880ರ ನಂತರ ರಷ್ಯಾ, ಪೋಲೆಂಡ್ ಕಡೆಯಿಂದ ಜೀವ ಉಳಿಸಿಕೊಂಡು ಬಂದವರು ಅಲ್ಲಿ ಹೊಲಿಗೆ ಯಂತ್ರ ಇಟ್ಟರು. ಅವರ ಮಕ್ಕಳು ಮೊಮ್ಮಕ್ಕಳು ನಮ್ಮ ಕಾಲಕ್ಕೂ ಇದ್ದರು. ನಿಮ್ಮ ದೊಡ್ಡಪ್ಪನಿಗೆ ಹೊಲಿದವರು ಇಂಥವರೇ ಅಂತ ಹೇಳಲಾರೆ, ಅಲ್ಲಿ ಗಲ್ಲಿಗೊಬ್ಬ ಟೈಲರ್. ನನ್ನ ಟೈಲರ್ ಬಗ್ಗೆ ಹೇಳುತ್ತೇನೆ.

ನಾನು 1964ರ ಸೆಪ್ಟೆಂಬರಿನಲ್ಲಿ ಅಪ್ರೆಂಟಿಸ್ ಆಗಿ ಹೋದೆ. ಈಸ್ಟ್ ಹ್ಯಾಮಿನಲ್ಲಿ ಬಾಡಿಗೆ ಕೋಣೆ. ಊರಿಂದ ತಂದದ್ದು ದಾವಣಗೆರೆಯಲ್ಲಿ ಹೊಲಿಸಿದ ಬೂದು ಕೋಟು. ಹುಡುಗ ಇನ್ನೂ ಬೆಳೆಯುತ್ತಾನೆ ಅಂತ ಅಪ್ಪ ಒಂದು ಸೈಜು ದೊಡ್ಡದೇ ಹೊಲಿಸಿದ್ದರು. ನಾನು ಬೆಳೆಯಲಿಲ್ಲ.

ಪಕ್ಕದ ಲೇತಿನಲ್ಲಿ ಒಬ್ಬ ಹುಡುಗ ಇದ್ದ, ಪಕ್ಕಾ ಮಾಡ್. ಮಾಡ್ ಅಂದರೆ ಅಚ್ಚುಕಟ್ಟು ಸೂಟು, ಸ್ಕೂಟರ್ ಅಂತ ಹುಚ್ಚು ಹಿಡಿದಿದ್ದ ಆ ಕಾಲದ ಹುಡುಗರ ಗುಂಪು. ನಿಮ್ಮ ಸೂಟು ಅವರ ಫ್ಯಾಶನ್ನಿನದೇ. ಸಂಬಳ ಪೂರ್ತಿ ಬಟ್ಟೆಗೆ, ಉಳಿದದ್ದು ಸ್ಕೂಟರಿನ ಪೆಟ್ರೋಲಿಗೆ. ಶುಕ್ರವಾರ ಸಂಜೆ ಟಿವಿಯ ಸಂಗೀತ ಕಾರ್ಯಕ್ರಮದಲ್ಲಿ ಯಾರ ಕೋಟಿನಲ್ಲಿ ಏನು ಹೊಸದು ಅಂತ ನೋಡಿಕೊಂಡು, ಸಿಗರೇಟು ಪ್ಯಾಕಿನ ಮೇಲೆ ಚಿತ್ರ ಬರೆದು, ಭಾನುವಾರ ಟೈಲರ್ ಹತ್ತಿರ ಓಡುತ್ತಿದ್ದ. ಭಾನುವಾರ ಯಾಕೆ ಅಂದರೆ, ಯಹೂದಿಗಳಿಗೆ ಶನಿವಾರ ಸಬ್ಬತ್, ಅಂದರೆ ಕೆಲಸ ಮಾಡದ ಪವಿತ್ರ ದಿನ, ಅಂಗಡಿ ಮುಚ್ಚಿರುತ್ತಿತ್ತು. ಭಾನುವಾರ ಲಂಡನ್ ಪೂರ್ತಿ ಮಲಗಿದ್ದಾಗ ಆ ಬೀದಿಗಳಲ್ಲಿ ಮಾತ್ರ ಜಾತ್ರೆ, ಪೆಟಿಕೋಟ್ ಲೇನ್ ಸಂತೆ. ನನ್ನ ಕೋಟು ನೋಡಿ ತಡೆಯಲಾರದೆ ಆ ಹುಡುಗ ನನ್ನನ್ನೂ ಎಳೆದುಕೊಂಡು ಹೋದ.

ಕಿರಿದಾದ ಮೆಟ್ಟಿಲು, ಮೇಲೆ ಎರಡು ಕೋಣೆ. ಇಸ್ತ್ರಿಯ ಹಬೆ, ಒದ್ದೆ ಉಣ್ಣೆಯ ವಾಸನೆ. ಮುದುಕ ನನ್ನ ಎದೆಯವರೆಗೆ ಬರುತ್ತಿದ್ದ, ಕೊರಳಲ್ಲಿ ಟೇಪು, ವೇಸ್ಟ್‌ಕೋಟಿನ ಮೇಲೆ ಪಿನ್ನುಗಳ ಸಾಲು. ಗೋಡೆಯ ಮೊಳೆಗಳಲ್ಲಿ ಕಂದು ಕಾಗದದ ಪ್ಯಾಟರ್ನುಗಳು, ಪ್ರತಿ ಕಟ್ಟಿನ ಮೇಲೂ ಗಿರಾಕಿಯ ಹೆಸರು. ನನ್ನ ಹೆಸರು ಉದ್ದ ಅಂತ ಅವನು ಬರೆದದ್ದು "ಇಂಡಿಯಾ. ಎಡ ಭುಜ ತಗ್ಗು." ನನ್ನ ಎಡ ಭುಜ ತಗ್ಗು ಅನ್ನುವುದು ಹೆತ್ತ ತಾಯಿಗೂ ಗೊತ್ತಿರಲಿಲ್ಲ. ಟೇಪು ಹಿಡಿಯುವ ಮೊದಲೇ, ನಾನು ಬಾಗಿಲಿಂದ ಒಳಗೆ ಬರುವುದನ್ನು ನೋಡಿಯೇ ಅವನು ಅದನ್ನು ಹೇಳಿದ. ಆ ಭುಜದಲ್ಲಿ ಒಂದು ತೆಳು ಪ್ಯಾಡ್ ಜಾಸ್ತಿ ಇಟ್ಟ. ಅವತ್ತಿನಿಂದ ಫೋಟೋಗಳಲ್ಲಿ ನಾನು ನೆಟ್ಟಗೆ ನಿಂತಿದ್ದೇನೆ.

ಮಾಡ್ ಹುಡುಗರಿಗೂ ಅವನಿಗೂ ದಿನಾ ಜಗಳ. ಹಿಂದಿನ ಸೀಳು ಈ ತಿಂಗಳು 5 ಇಂಚು ಇರಬೇಕು, ಮುಂದಿನ ತಿಂಗಳು 10. "ಕತ್ತಿನವರೆಗೂ ಸೀಳಿಬಿಡಲಾ?" ಅಂತ ಗೊಣಗುತ್ತಿದ್ದ, ಆದರೆ ಕೇಳಿದ್ದಕ್ಕಿಂತ ಒಂದು ಗೆರೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಅವನ ಹಳೇ ಗಿರಾಕಿಗಳು ಬಂದು "ಹೋದ ಸಲದ ಹಾಗೇ ಹೊಲಿ" ಅಂತ ಹೇಳಿ ಹೋಗುತ್ತಿದ್ದರು. ಈ 18 ವರ್ಷದ ಪೋರರು ಕಾಲು ಇಂಚಿಗೆ ಹಟ ಮಾಡುತ್ತಿದ್ದರು. ಜೇಬಿನ ಮುಚ್ಚಳ ಓರೆಯಾಗಬೇಕು, ಎಷ್ಟು ಓರೆ? ಕಾಜಾದ ನೂಲು ಯಾವ ಬಣ್ಣ? ಬಾಯಲ್ಲಿ ಬೈದರೂ ಅವನಿಗೆ ಅದೇ ಖುಷಿ. ಅಷ್ಟು ವರ್ಷ ಕಲಿತ ಕೆಲಸವನ್ನು ಕೊನೆಗೂ ಯಾರೋ ಕಣ್ಣಿಟ್ಟು ನೋಡುತ್ತಿದ್ದರಲ್ಲ.

ಮೊದಲ ಟ್ರಯಲ್‌ಗೆ ಬಿಳಿ ನೂಲಿನ ಕಚ್ಚಾ ಹೊಲಿಗೆ, ಒಂದೇ ತೋಳು. ನನ್ನ ಕೈ ಇಳಿಬಿಡಲು ಹೇಳಿ ಒಂದು ನಿಮಿಷ ನೋಡಿದ. ಆಮೇಲೆ ಆ ತೋಳನ್ನು ಪರ್ರನೆ ಕಿತ್ತ. ನನ್ನ ಎದೆ ಧಸಕ್ ಅಂದಿತು. ತೋಳು ಕೈ ಬೀಳುವ ಕಡೆಗೇ ಬೀಳಬೇಕು, ಇಲ್ಲದಿದ್ದರೆ ಮೊಣಕೈ ಮೇಲೆ ಸುಕ್ಕು ಬರುತ್ತದೆ. ತುಸು ಮುಂದಕ್ಕೆ ತಿರುಗಿಸಿ ಮತ್ತೆ ಹಚ್ಚಿದ.

ಬಟ್ಟೆ ಬಹುಶಃ ನಿಮ್ಮದರಂಥದ್ದೇ. ಉಣ್ಣೆಗೆ ಮೊಹೇರ್, ಅಂದರೆ ಅಂಗೋರಾ ಆಡಿನ ಕೂದಲು, ಸೇರಿಸಿ ನೇಯ್ದದ್ದು. ಉದ್ದದ ನೂಲು (ಹಾಸು) ಒಂದು ಬಣ್ಣ, ಅಡ್ಡ ನೂಲು (ಹೊಕ್ಕು) ಇನ್ನೊಂದು, ನಮ್ಮ ಡಬಲ್ ಶೇಡ್ ರೇಷ್ಮೆ ಸೀರೆಯ ಹಾಗೆ. ಇದರಲ್ಲಿ ಹೆಸರಾದದ್ದು ಡೋರ್ಮೆಯ್ ಕಂಪನಿಯವರು 1957ರಲ್ಲಿ ತಂದ 'ಟೋನಿಕ್'. ಮಾಡ್‌ಗಳು ಅದಕ್ಕೆ ಪ್ರಾಣ ಬಿಡುತ್ತಿದ್ದರು. ಮೊಹೇರ್ ಬಟ್ಟೆ ಗರಿಗರಿ, ಬೇಗ ಮುದುಡುವುದಿಲ್ಲ. ಹಾಗಿದ್ದೂ ಆ ಲೇತಿನ ಗೆಳೆಯ ರೈಲಿನಲ್ಲಿ ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ, ಮಂಡಿ ಉಬ್ಬುತ್ತದೆ ಅಂತ.

ದುಡ್ಡಿನ ವಿಷಯ. ನನ್ನ ಸೂಟಿಗೆ 28 ಗಿನಿ. ಗಿನಿಗೆ 21 ಶಿಲ್ಲಿಂಗ್, ಪೌಂಡಿಗೆ 20. ಅಂದರೆ 29 ಪೌಂಡು 8 ಶಿಲ್ಲಿಂಗ್. ನನ್ನ ಕೈಗೆ ವಾರಕ್ಕೆ 11 ಪೌಂಡು ಬರುತ್ತಿತ್ತು. ವಾರಕ್ಕಿಷ್ಟು ಅಂತ ಕಟ್ಟಿದೆ. ಪುಸ್ತಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದ, ರಸೀದಿ ಗಿಸೀದಿ ಇಲ್ಲ. ಹಾಗಾಗಿ ಗುಮಾಸ್ತೆಗೆ ಎಟುಕುತ್ತಿತ್ತು, ಮಧ್ಯಾಹ್ನದ ಊಟದಲ್ಲಿ ಸ್ವಲ್ಪ ಹಿಡಿದರೆ.

ಆ ಸೂಟು ಹಾಕಿಕೊಂಡು ಬೇರೆ ಕೋಣೆ ಬಾಡಿಗೆಗೆ ಕೇಳಲು ಹೋದಾಗಲೂ "ಈಗಷ್ಟೇ ಹೋಯಿತು" ಅಂತಲೇ ಉತ್ತರ ಬಂತು. ಮನೆ ಬಾಡಿಗೆಯಲ್ಲಿ ಬಣ್ಣ ನೋಡಬಾರದು ಅನ್ನುವ ಕಾನೂನು ಬಂದದ್ದು 1968ರಲ್ಲಿ. ಸೂಟು ಅದಕ್ಕೆಲ್ಲ ಮದ್ದಲ್ಲ. ಮುದುಕನ ಅಂಗಡಿಯಲ್ಲಿ ಮಾತ್ರ ನನ್ನ ಸರದಿ ನನ್ನದೇ ಆಗಿತ್ತು. ಬಿಳಿ ಹುಡುಗ ಅವಸರ ಮಾಡಿದರೆ "ಇಂಡಿಯಾ ಮೊದಲು ಬಂದಿದ್ದಾನೆ" ಅಂತ ಕೂರಿಸುತ್ತಿದ್ದ.

ಲೆಕ್ಕದ_ಮೇಡಂ:

ರಾಯರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಎಲ್ಲ ಮಾಡ್‌ಗಳೂ ಗಲ್ಲಿ ಟೈಲರ್ ಹತ್ತಿರವೇ ಹೋಗುತ್ತಿದ್ದರು ಅನ್ನುವ ಹಾಗೆ ಓದುತ್ತದೆ. ನಾನು ಲೀಡ್ಸ್‌ನಲ್ಲಿದ್ದೇನೆ. ಪಕ್ಕದ ಮನೆಯ ಅಜ್ಜಿ ಇಲ್ಲಿನ ಹಡ್ಸನ್ ರೋಡಿನ ಬರ್ಟನ್ ಕಾರ್ಖಾನೆಯಲ್ಲಿ ಕಾಜಾ ಮಾಡುತ್ತಿದ್ದವರು. ಊರೂರಿನ ಬರ್ಟನ್ ಅಂಗಡಿಯಲ್ಲಿ ಅಳತೆ ಕೊಟ್ಟರೆ ಸೂಟು ಇಲ್ಲಿ ತಯಾರಾಗಿ ಹೋಗುತ್ತಿತ್ತು. ಎಷ್ಟೋ ಮಾಡ್ ಹುಡುಗರ ಮೊದಲ ಸೂಟು ಅದೇ. 'ಸೀಳು 11 ಇಂಚು' ಅಂತ ಬರೆದ ಆರ್ಡರ್ ಚೀಟಿ ಬಂದರೆ ಹೆಂಗಸರೆಲ್ಲ ಸೇರಿ ನಗುತ್ತಿದ್ದರಂತೆ. ಆ ಕಾಜಾ ಹಾಕಿದ ಕೈಗಳನ್ನು ಯಾರೂ ನೆನೆಸುವುದಿಲ್ಲ, ಅಲ್ವಾ?

ಎಟುಕುತ್ತಿತ್ತಾ ಅಂತ ಕೇಳಿದ್ದಕ್ಕೆ: 1962ರಲ್ಲಿ 'ಟೌನ್' ಪತ್ರಿಕೆ ಮಾಡ್ ಹುಡುಗರ ಬಗ್ಗೆ ಬರೆದಾಗ ಅದರಲ್ಲಿ ಮಾರ್ಕ್ ಫೆಲ್ಡ್ ಅಂತ ಒಬ್ಬ ಇದ್ದ. ಇನ್ನೂ ಶಾಲೆಗೆ ಹೋಗುವ ವಯಸ್ಸು, ಅಪ್ಪ ಲಾರಿ ಡ್ರೈವರ್. ಆಗಲೇ ಬಿಷಪ್ಸ್‌ಗೇಟಿನ ಬಿಲ್ಗೋರಿ ಟೈಲರ್ ಬಗ್ಗೆ ಗತ್ತಿನಿಂದ ಮಾತಾಡುತ್ತಿದ್ದ. ಆಮೇಲೆ ಮಾರ್ಕ್ ಬೋಲನ್ ಅಂತ ದೊಡ್ಡ ರಾಕ್ ಹಾಡುಗಾರ ಆದ.

ಈಸ್ಟ್‌ಹ್ಯಾಮ್_ರಾಯರು:

ಮೇಡಂ ಹೇಳಿದ್ದು ಸರಿ. ನನ್ನ ಗೆಳೆಯನ ತಮ್ಮನದು ಬರ್ಟನ್ ಸೂಟೇ, ಹತ್ತಿರ ಹೋಗಿ ನೋಡದೆ ಗೊತ್ತಾಗುತ್ತಿರಲಿಲ್ಲ. ಲಂಡನ್ನಿನ ಫ್ಯಾಶನ್ ಅಂಗಡಿಗಳ ಬೀದಿ ಕಾರ್ನಬಿ ಸ್ಟ್ರೀಟಿಗೂ ಮಾಡ್‌ಗಳು ಹೋಗುತ್ತಿದ್ದರು. ಗ್ಲಾಸ್ಗೋದ ಜಾನ್ ಸ್ಟೀಫನ್ ಅಲ್ಲಿ ಅಂಗಡಿ ಮೇಲೆ ಅಂಗಡಿ ತೆರೆದಿದ್ದ. ಆದರೆ ಗೆಳೆಯ ಅಲ್ಲಿ ಶರ್ಟು ಮಾತ್ರ ತರುತ್ತಿದ್ದ. ಟೂರಿಸ್ಟುಗಳು ತುಂಬಿಕೊಂಡ ಮೇಲೆ ಅದೂ ನಿಂತಿತು.

ವಿಜಯ್_ಸೂಪರ್:

ಸೂಟಿನ ಮೇಲೆ ಮಾಡ್‌ಗಳು ಹಾಕುತ್ತಿದ್ದ ದೊಗಳೆ ಹಸಿರು ಪಾರ್ಕಾ, ಅಂದರೆ ತಲೆಗವಸು ಇರುವ ಉದ್ದ ಜಾಕೆಟ್ಟು, ಮರೆತಿರಾ? ಅಮೆರಿಕದ ಸೈನ್ಯದ್ದು, ಸೆಕೆಂಡ್ ಹ್ಯಾಂಡ್. ಸ್ಕೂಟರಿನ ಗ್ರೀಸು, ಮಳೆ ಸೂಟಿಗೆ ತಾಗದಿರಲಿ ಅಂತ. ಇಟಲಿಯಲ್ಲಿ ಮಾಡ್‌ಗಳ ಮೆಚ್ಚಿನ ಲ್ಯಾಂಬ್ರೆಟಾ ಸ್ಕೂಟರಿನ ತಯಾರಿಕೆ ನಿಂತ ಮೇಲೆ 1972ರಲ್ಲಿ ಲಖನೌದ ಸ್ಕೂಟರ್ಸ್ ಇಂಡಿಯಾ ಅದರ ಯಂತ್ರಗಳನ್ನು ಕೊಂಡಿತು. ನಮ್ಮಪ್ಪ ಸಿಲಿಂಡರ್ ಕಟ್ಟಿಕೊಂಡು ಓಡಾಡುತ್ತಿದ್ದ ವಿಜಯ್ ಸೂಪರ್ ಅಲ್ಲಿಯದೇ. ಅಲ್ಲೇ ತಯಾರಾದ ಜಿಪಿ 150 ಬ್ರಿಟನ್ನಿಗೂ ಹೋಯಿತು. ಇವತ್ತಿಗೂ ಅಲ್ಲಿ ಸೂಟು ಹಾಕಿ ಲಖನೌ ಸ್ಕೂಟರ್ ಓಡಿಸುವವರಿದ್ದಾರೆ.

ಸರಸ್ವತಿಪುರದ_ಹುಡುಗ:

ರಾಯರೇ, ಇದನ್ನೆಲ್ಲ ಚಿಕ್ಕಮ್ಮನಿಗೆ ಓದಿ ಹೇಳಿದೆ. "ಅದಕ್ಕೇ ಆ ಐದು ವರ್ಷ ಮನೆಗೆ ದುಡ್ಡು ಕಳಿಸಿದ್ದು ಕಮ್ಮಿ" ಅಂದರು! ಹಾಗಾದರೆ ಬಿಚ್ಚಿಸಲಾ? ಕಾಲರಿನ ಪಟ್ಟಿಯನ್ನೂ ಸ್ವಲ್ಪ ಅಗಲ ಮಾಡಿಸಬಹುದಾ?

ಈಸ್ಟ್‌ಹ್ಯಾಮ್_ರಾಯರು:

ಪಟ್ಟಿ ಅಗಲ ಮಾಡುವುದಕ್ಕೆ ಬಟ್ಟೆ ಎಲ್ಲಿಂದ ಬರುತ್ತದೆ? ನನ್ನ ಮಾತು ಕೇಳುವುದಾದರೆ ಅದನ್ನು ಮುಟ್ಟಬೇಡಿ. ಅದು ನಿಮ್ಮ ದೊಡ್ಡಪ್ಪನ ಮೈಗೆ ಹೊಲಿದದ್ದು. ಅದೇ ಮಾದರಿಯಲ್ಲಿ ನಿಮ್ಮ ಮೈಗೆ ಹೊಸದು ಹೊಲಿಸಿ. ಆ ಮುದುಕ ಯಾವತ್ತೂ ಒಬ್ಬರ ಪ್ಯಾಟರ್ನಿನಲ್ಲಿ ಇನ್ನೊಬ್ಬರಿಗೆ ಕತ್ತರಿಸಲಿಲ್ಲ. ಅಣ್ಣನದು ತಮ್ಮನಿಗೂ ಇಲ್ಲ.

ಕಾಜಾಬಟನ್:

ರಾಯರಲ್ಲಿ ಗೌರವ ಇಟ್ಟೇ ಹೇಳುತ್ತೇನೆ, ನಾನು ಇದನ್ನು ಒಪ್ಪುವುದಿಲ್ಲ. ಹಾಕದೆ ಇಟ್ಟ ಕೋಟು ಹುಳಕ್ಕೆ. ಮಾರ್ಜಿನ್ ಬಿಟ್ಟವನು ಯಾಕೆ ಬಿಟ್ಟ? ಮುಂದೆ ಬಿಚ್ಚಲಿ ಅಂತಲೇ. ಪಕ್ಕ ಬಿಚ್ಚಿ, ಕಾಲರಿನ ಪಟ್ಟಿ, ಸೀಳು, ಭುಜ ಹಾಗೇ ಇರಲಿ.

ಒಂದೇ ಭಯ. 60 ವರ್ಷ ಮಡಚಿಟ್ಟ ಮೊಹೇರ್ ಮಡಿಕೆಯಲ್ಲೇ ಸೀಳಬಹುದು. ಪ್ಯಾಂಟಿನ ಇಸ್ತ್ರಿ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ. ನೂಲು ತೆಳುವಾಗಿದ್ದರೆ ರಾಯರು ಹೇಳಿದ ಹಾಗೆ ಹೊಸ ಪ್ಯಾಂಟೇ ಹೊಲಿಸಿ. ಅದೇ ಬಣ್ಣ ಸಿಗುವುದಿಲ್ಲ, ಕಪ್ಪು ನೀಲಿ ಹಾಕಿ. ಬಿಚ್ಚಿದಾಗ ಹಳೇ ಹೊಲಿಗೆಯ ಗೆರೆ ಕಾಣಬಹುದು. ಒದ್ದೆ ಬಟ್ಟೆ ಮೇಲಿಟ್ಟು ಹಬೆ ಕೊಡಿಸಿ, ಬಿಸಿ ಇಸ್ತ್ರಿ ನೇರವಾಗಿ ಬೇಡ, ಬಟ್ಟೆ ಮಿರಮಿರ ಹೊಳೆದುಬಿಡುತ್ತದೆ.

ಡಿಸೆಂಬರ್ ಅಂದರೆ ದಸರಾ ಮುಗಿದ ಕೂಡಲೇ ಕೊಟ್ಟುಬಿಡಿ. ಆಮೇಲೆ ಮದುವೆ ಸೀಸನ್, ಯಾವ ಮಾಸ್ಟರ್ ಕೂಡ ಕೈಗೆ ಸಿಗುವುದಿಲ್ಲ. ಟ್ರಯಲ್‌ಗೆ ಹೋಗುವಾಗ ಅವತ್ತು ಹಾಕುವ ಶರ್ಟು, ಶೂ ಎರಡನ್ನೂ ಹಾಕಿಕೊಂಡು ಹೋಗಿ. 16 ಇಂಚಿನ ಬಾಟಮ್‌ಗೆ ಶೂ ಕಳಚಿಯೇ ಪ್ಯಾಂಟು ಏರಿಸಬೇಕಾಗುತ್ತದೆ, ಲೇಸ್ ಇಲ್ಲದ ಶೂ ಇದ್ದರೆ ಒಳ್ಳೆಯದು.