ತೋಟದ ಮನೆ ಬಿಟ್ಟು ಶಿವಮೊಗ್ಗಕ್ಕೆ ಬಂದ ಅಪ್ಪ-ಅಮ್ಮ ಖುಷಿಯಾಗಿರೋಕೆ ಏನು ಬೇಕು?

ಕೇಳಿದ್ದು: ತೀರ್ಥಹಳ್ಳಿ ಕಡೆಯವರು. ಅಪ್ಪನಿಗೆ 74, ಅಮ್ಮನಿಗೆ 69. ಊಟ, ಔಷಧಿ, ಟಿವಿ ಯಾವುದಕ್ಕೂ ಕೊರತೆಯಿಲ್ಲ. ಆದರೂ ಮಂಕಾಗಿ ಕೂತಿರ್ತಾರೆ. ತಿಳಿದವರು ಹೇಳಿ.

ಉತ್ತರ 1: ಕೂರಿಸಿ ಸಾಕಬೇಡಿ, ಕೈಗೆ ಕೆಲಸ ಕೊಡಿ. ಮನೆಗೆ ನಿಜವಾಗಿ ಬೇಕಾದ ಕೆಲಸವೇ ಆಗಬೇಕು; ಹೊತ್ತು ಹೋಗಲಿ ಅಂತ ಕೊಟ್ಟದ್ದು ಅವರಿಗೆ ಗೊತ್ತಾಗಿಬಿಡುತ್ತೆ. ಒಂದೆಲಗದಿಂದ ಶುರು ಮಾಡಿ. ಒಂದೂವರೆ ಅಡಿ ಅಗಲ, ಮುಕ್ಕಾಲು ಅಡಿ ಆಳದ ಹಳೇ ಟಬ್ ಸಾಕು. ತಳಕ್ಕೆ ಐದಾರು ತೂತು, ಮೇಲೆ ಹೆಂಚಿನ ಚೂರು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹಳೇ ಗೊಬ್ಬರ, ಒಂದು ಪಾಲು ಮರಳು. ಗೆಣ್ಣಿನಲ್ಲಿ ಬೇರು ಬಿಟ್ಟ ಬಳ್ಳಿ ನಾಲ್ಕೈದು ತುಂಡು ನೆಡಿ. ಟಬ್ ಸೊಂಟದೆತ್ತರದ ಕಟ್ಟೆ ಮೇಲಿರಲಿ, ನೆಲದ ಮೇಲಿಟ್ಟರೆ ಬಗ್ಗೋಕಾಗದೆ ವಾರಕ್ಕೇ ಕೈಬಿಡ್ತಾರೆ. ಮಾರ್ಚ್ ಬಿಸಿಲಲ್ಲಿ ತಾರಸಿ ಮೇಲಿಟ್ಟರೆ ಒಣಗುತ್ತೆ; ಜುಲೈ ಮಳೆಗೆ ತೂತು ಕಟ್ಟಿಕೊಂಡರೆ ಬೇರು ಕೊಳೆಯುತ್ತೆ. ಅರೆನೆರಳೇ ಸರಿ. ಎರಡು ತಿಂಗಳಿಗೆಲ್ಲ ತಂಬುಳಿಗಾಗುವಷ್ಟು ಎಲೆ ಸಿಗುತ್ತೆ. ಒಂದು ಹಿಡಿ ಎಲೆಗೆ ಎಷ್ಟು ಜೀರಿಗೆ, ಎಷ್ಟು ಕಾಳುಮೆಣಸು ಅಂತ ನಿಮಗೆ ಗೊತ್ತಿದ್ದರೂ ಅಮ್ಮನನ್ನೇ ಕೇಳಿ.

ಉತ್ತರ 2: ತಾವಾಗೇ ಹೋಗಿಬರೋದು ದೊಡ್ಡ ವಿಷಯ. ಮೊದಲು ಗಾಂಧಿ ಪಾರ್ಕ್‌ವರೆಗೆ, ಆಮೇಲೆ ಊರಿಗೆ. ಅಮ್ಮನಿಗೆ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ (2023ರ ಜೂನ್ 11ರಿಂದ), ಅಪ್ಪನಿಗೆ 60 ದಾಟಿದವರ ಶೇ 25 ರಿಯಾಯಿತಿ. ಆಧಾರ್ ಚೀಲದಲ್ಲೇ ಇರಲಿ. ನಮ್ಮ ಕಡೆ ಓಡೋದು ಖಾಸಗಿ ಬಸ್ಸೇ ಹೆಚ್ಚು, ಅದರಲ್ಲಿ ಶಕ್ತಿ ನಡೆಯಲ್ಲ. ಸರ್ಕಾರಿ ಬಸ್ಸಿನ ಹೊತ್ತು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಅಡಿಕೆ ಸುಗ್ಗಿಗೆ ಹೊರಟರೆ "ನಾನೇ ಕಾರಲ್ಲಿ ಬಿಡ್ತೀನಿ" ಅಂತ ಅಡ್ಡ ಹೋಗಬೇಡಿ.

ಉತ್ತರ 3: ಅಡಿಕೆ ದುಡ್ಡು ಪೂರ್ತಿ ಮಗನ ಫೋನಿಗೆ ಸೇರಿದೆಯಾ? ಫೋನ್‌ಪೇ ಬಾರದವರಿಗೆ ಅದು ಇದ್ದೂ ಇಲ್ಲದ ಹಾಗೆ. ತಿಂಗಳ ಮೊದಲಿಗೇ 10, 20, 50ರ ನೋಟಿನಲ್ಲಿ ಕೈಗೆ ಕೊಡಿ. ಎಲೆಯಡಿಕೆಗೆ ಹೋಯ್ತೋ ಮೊಮ್ಮಕ್ಕಳ ಚಾಕೊಲೇಟಿಗೆ ಹೋಯ್ತೋ, ಲೆಕ್ಕ ಕೇಳಬೇಡಿ.

ಉತ್ತರ 4: ಎಲ್ಲರೂ ಕಿವಿ ಮರೆತಿರಿ. ಕೇಳಿಸದವರು ಮಾತು ಬಿಡ್ತಾರೆ, ನಾವು ಬೇಜಾರು ಅಂದ್ಕೊಳ್ತೀವಿ. ಹಿಂದಿನಿಂದ ಮೆಲ್ಲಗೆ ಕರೆದು ನೋಡಿ. ತಿರುಗದಿದ್ದರೆ ಕಿವಿ ವೈದ್ಯರ ಹತ್ತಿರ ಹೋಗಿ, ಬರೀ ಗುಗ್ಗೆ ಕಟ್ಟಿದ್ದರೆ ತೆಗೆದುಕೊಡ್ತಾರೆ. ನೀವೇ ಕಡ್ಡಿ ಹಾಕಿದರೆ ಇನ್ನೂ ಒಳಗೆ ಹೋಗುತ್ತೆ. ಕಿವಿ ಸರಿಯಿದ್ದೂ ಎರಡು ವಾರ ಮೀರಿ ಊಟ, ನಿದ್ದೆ ಕೆಟ್ಟಿದ್ದರೆ "ವಯಸ್ಸಾಯ್ತು" ಅಂತ ಬಿಡದೆ ವೈದ್ಯರಿಗೆ ತೋರಿಸಿ. ಹಿರಿಯರ ಸಹಾಯವಾಣಿ 14567, ಕರೆಗೆ ದುಡ್ಡಿಲ್ಲ.

ಉತ್ತರ 5: ಮಳೆ ಹಿಡಿಯೋ ಮುಂಚೆ ಮೆಟ್ಟಿಲ ಪಾಚಿ ಉಜ್ಜಿಸಿ. ಒಂದು ಸಲ ಜಾರಿದವರು ಆಮೇಲೆ ಅಂಗಳಕ್ಕೂ ಇಳಿಯಲ್ಲ.