ಒಂದು ಅರ್ಜಿ, ಏಳು ಬಕೆಟ್

"ಅರ್ಜಿ ಹಾಕೋಕೆ ಇನ್ನು ಒಂಬತ್ತೇ ದಿನ ಕಣೋ," ಅಂತ ಪದ್ದು ಮೂರನೇ ಸಲ ಹೇಳಿದಳು.

ಶೀನಿ ಕುರ್ಚಿಯಲ್ಲಿ ಇನ್ನಷ್ಟು ಕೆಳಗೆ ಜಾರಿದ. ನಮ್ಮ ಗುಂಪಿನಲ್ಲಿ ಆರ್ಕಿಟೆಕ್ಟ್ ಅಂದರೆ ಇವನೊಬ್ಬನೇ. ಊರಿನ ಆರ್ಕಿಟೆಕ್ಟುಗಳ ಸಂಘದವರು ವರ್ಷಾ ವರ್ಷಾ ವಿನ್ಯಾಸ ಪ್ರಶಸ್ತಿಗೆ ಅರ್ಜಿ ಕರೆಯುತ್ತಾರೆ, ಇವನು ವರ್ಷಾ ವರ್ಷಾ ನೆಪ ಹುಡುಕುತ್ತಾನೆ. ನೆಪಕ್ಕೂ ಒಂದು ಪ್ರಶಸ್ತಿ ಇದ್ದಿದ್ದರೆ ಇವನ ಮನೆಯ ಕಪಾಟು ಸಾಲುತ್ತಿರಲಿಲ್ಲ.

"ನಂದೇನು ಮಹಾ? ಹಳೇ ಮನೆ ರಿಪೇರಿ. ಮಾಡಿದ್ದಕ್ಕಿಂತ ಮುಟ್ಟದೆ ಬಿಟ್ಟಿದ್ದೇ ಜಾಸ್ತಿ."

"ಮುಟ್ಟದೆ ಬಿಟ್ಟೋರಿಗೂ ಮರ್ಯಾದೆ ಇದೆಯಪ್ಪ," ಅಂದರು ಮೇಷ್ಟ್ರು. "ಫ್ರಾನ್ಸಿನಲ್ಲಿ ಲಕಾಟೋನ್, ವಸ್ಸಾಲ್ ಅಂತ ಇಬ್ಬರು ಆರ್ಕಿಟೆಕ್ಟುಗಳು. 1996ರಲ್ಲಿ ಬೋರ್ಡೋ ನಗರದವರು ಒಂದು ಚೌಕ ತೋರಿಸಿ, ಇದನ್ನ ಅಂದಗಾಣಿಸಿ ಅಂದರು. ಇವರು ಹೋಗಿ ಕೂತು ನೋಡಿ, ಇದು ಚೆನ್ನಾಗೇ ಇದೆ, ಹೊಸ ಜಲ್ಲಿ ಹಾಕಿ, ಮರಗಳನ್ನ ನೋಡ್ಕೊಳ್ಳಿ, ಸಾಕು ಅಂತ ಹೇಳಿಬಿಟ್ಟರು. 2021ರಲ್ಲಿ ಅವರಿಗೆ ಪ್ರಿಟ್ಜ್ಕರ್ ಬಂತು, ಆರ್ಕಿಟೆಕ್ಟುಗಳ ಪಾಲಿಗೆ ಅದು ನೊಬೆಲ್ ಇದ್ದ ಹಾಗೆ."

"ಏನೂ ಮಾಡದೇ ಇದ್ದಿದ್ದಕ್ಕಾ?" ನನಗೆ ತಟ್ಟನೆ ಆಸೆ ಹುಟ್ಟಿತು. ಆ ವಿಭಾಗದಲ್ಲಿ ನನಗೆ ಮೂವತ್ತು ವರ್ಷದ ಅನುಭವ.

"ಅದೊಂದಕ್ಕೇ ಅಲ್ಲವಯ್ಯಾ. ಅವರು ಕೆಲಸವನ್ನೂ ಮಾಡಿದ್ದರು."

ಶೀನಿ ಎರಡನೇ ಬಾಣ ತೆಗೆದ. "ತೀರ್ಪುಗಾರರು ಹೆಸರು ನೋಡಿ ಕೊಡ್ತಾರೆ."

"ಹೆಸರೇ ಕಾಣದ ಹಾಗೆ ನಡೆಸೋದೂ ಉಂಟು," ಅಂದಳು ಪದ್ದು. "1981ರಲ್ಲಿ ಅಮೆರಿಕದ ವಿಯೆಟ್ನಾಂ ಯುದ್ಧ ಸ್ಮಾರಕಕ್ಕೆ 1,421 ವಿನ್ಯಾಸ ಬಂದಿದ್ದವು, ಎಲ್ಲಕ್ಕೂ ನಂಬರ್ ಮಾತ್ರ. ಗೆದ್ದವಳು ಮಾಯಾ ಲಿನ್, ಇಪ್ಪತ್ತೊಂದರ ವಿದ್ಯಾರ್ಥಿನಿ. ಅದೇ ವಿನ್ಯಾಸಕ್ಕೆ ಕ್ಲಾಸಲ್ಲಿ ಸಿಕ್ಕಿದ್ದು ಬರೀ ಬಿ ಗ್ರೇಡು. ಅವಳ ಮೇಷ್ಟ್ರೂ ಅದೇ ಸ್ಪರ್ಧೆಗೆ ಕಳಿಸಿ ಸೋತಿದ್ದರು."

ನಮ್ಮ ಮೇಷ್ಟ್ರು ಯಾಕೋ ಕಿಟಕಿ ಕಡೆ ನೋಡಿದರು.

"ಅದು ಸ್ಪರ್ಧೆ. ಕಾಗದದ ಮೇಲಿನದ್ದು. ಇದು ಕಟ್ಟಿ ಮುಗಿಸಿದ್ದಕ್ಕೆ ಕೊಡೋ ಪ್ರಶಸ್ತಿ. ಫೋಟೋ ಕೇಳ್ತಾರೆ! ಆ ಮನೆಯವರು ಕಿಟಕಿಗೆ ತಮಗೆ ಬೇಕಾದ ಪರದೆ ಹಾಕಿದ್ದಾರೆ, ಬಾಲ್ಕನಿ ತುಂಬ ಬಟ್ಟೆ ಒಣಗಿಸಿದ್ದಾರೆ," ಅಂದ ಶೀನಿ.

ಇದಕ್ಕೆ ಮಾತ್ರ ನಾನೂ ತಲೆಯಾಡಿಸಿದೆ. ಪತ್ರಿಕೆಗಳಲ್ಲಿ ಬರುವ ಮನೆಗಳಲ್ಲಿ ಒಂದು ಜೊತೆ ಚಪ್ಪಲಿಯೂ ಕಾಣುವುದಿಲ್ಲ. ಅಲ್ಲಿ ಇರುವವರೆಲ್ಲ ತೇಲಾಡುತ್ತಾರೋ ಏನೋ. ಆದರೆ ತಪ್ಪು ಅರ್ಧ ಶೀನಿಯಂಥವರದ್ದೇ. ತೀರ್ಪುಗಾರರು ಬೀದಿ ಬೀದಿ ಸುತ್ತಿ ಒಳ್ಳೆ ಮನೆ ಹುಡುಕುವುದಿಲ್ಲ, ಮೇಜಿನ ಮೇಲೆ ಬಂದಿದ್ದನ್ನು ನೋಡುತ್ತಾರೆ. ಇವನು ಕಳಿಸದೆ ಕೂತರೆ ಮೇಜಿನ ಮೇಲೆ ತೇಲಾಡುವವರ ಮನೆಗಳಷ್ಟೇ ಉಳಿಯುತ್ತವೆ.

"ಇಂದೋರಿನಲ್ಲಿ ಆರ್ಕಿಟೆಕ್ಟ್ ದೋಶಿಯವರು ಮಾಡಿದ 'ಅರಣ್ಯ' ಅನ್ನೋ ಬಡಾವಣೆ ಗೊತ್ತಲ್ಲ?" ಮೇಷ್ಟ್ರು ಚೇತರಿಸಿಕೊಂಡಿದ್ದರು. "ಬುನಾದಿ, ನೀರು, ಶೌಚಾಲಯ ಕೊಟ್ಟು, ಮಿಕ್ಕಿದ್ದನ್ನ ಕೈಲಾದ ಹಾಗೆ ನೀವೇ ಕಟ್ಕೊಳ್ಳಿ ಅಂತ ಜನಕ್ಕೆ ಬಿಟ್ಟರು. 1995ರಲ್ಲಿ ಅದಕ್ಕೆ ಕಟ್ಟಡಗಳಿಗೆ ಕೊಡೋ ಆಗಾ ಖಾನ್ ಪ್ರಶಸ್ತಿ ಬಂತು. ಆ ಪ್ರಶಸ್ತಿಯವರು ಫೋಟೋ ನೋಡಿ ಸುಮ್ಮನಾಗಲ್ಲ, ಜಾಗಕ್ಕೇ ಜನ ಕಳಿಸ್ತಾರೆ. ನಿನ್ನ ಪರದೆ ಯಾವ ಲೆಕ್ಕ?"

ಪದ್ದು ಆಗಲೇ ಅವನ ಲ್ಯಾಪ್‌ಟಾಪ್ ಎಳೆದುಕೊಂಡಿದ್ದಳು. ಅಲ್ಲೊಂದು ಟಿಪ್ಪಣಿ ಅರ್ಧಕ್ಕೆ ನಿಂತಿತ್ತು. "ಏನಿದು, 'ಅವಕಾಶ ಮತ್ತು ನಿರವಕಾಶಗಳ ನಡುವಿನ ನಿರಂತರ ಅನುಸಂಧಾನ'?"

"ಮೆಟ್ಟಿಲು."

"ಮೆಟ್ಟಿಲು ಅಂತ ಬರಿ!" ಅಂದವಳೇ ಅಳಿಸಿ ಟೈಪ್ ಮಾಡಿದಳು: "ನಡುಮನೆ ಹಗಲಲ್ಲೂ ಕತ್ತಲೆಯಾಗಿತ್ತು. ಮೆಟ್ಟಿಲ ಮೇಲಿನ ಸೂರು ತೆಗೆದು ಗಾಜು ಹಾಕಿದೆವು. ಈಗ ಬೆಳಕು ಬರುತ್ತದೆ."

ಶೀನಿ ಅದನ್ನು ಎರಡು ಸಲ ಓದಿದ. ಮುಖ ಸಣ್ಣದಾಯಿತು. "ಬೆಳಕೇನೋ ಬರುತ್ತೆ..."

"ಮತ್ತೆ?"

"ಮಳೇನೂ ಬರುತ್ತೆ."

ಯಾರೂ ಉಸಿರೆತ್ತಲಿಲ್ಲ. ಮೂರು ವರ್ಷದ ನೆಪಗಳ ಬುಡ ಇದು ಅಂತ ಆಗ ಗೊತ್ತಾಯಿತು. ಆ ಮನೆಯ ಅಜ್ಜಿಗೆ ಫೋನ್ ಮಾಡಿ ಒಪ್ಪಿಗೆ ಕೇಳುವುದಕ್ಕೇ ಇವನಿಗೆ ಧೈರ್ಯವಿಲ್ಲ.

ಮೇಷ್ಟ್ರು ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. "ಅಮೆರಿಕದ ದೊಡ್ಡ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ ಜಲಪಾತದ ಮೇಲೆ ಒಂದು ಮನೆ ಕಟ್ಟಿದರಲ್ಲ, ಫಾಲಿಂಗ್‌ವಾಟರ್, ಅದೂ ಸೋರ್ತಿತ್ತು. ಯಜಮಾನರು ಅದನ್ನ ಏಳು ಬಕೆಟ್ಟಿನ ಮನೆ ಅಂತಿದ್ದರಂತೆ. 1991ರಲ್ಲಿ ಅಮೆರಿಕದ ಆರ್ಕಿಟೆಕ್ಟುಗಳ ಸಂಸ್ಥೆಯವರು ಅದನ್ನೇ ತಮ್ಮ ದೇಶದ ಸಾರ್ವಕಾಲಿಕ ಶ್ರೇಷ್ಠ ಕಟ್ಟಡ ಅಂತ ಆರಿಸಿದರು. ನಿಂದು ಎಷ್ಟು ಬಕೆಟ್?"

"ಒಂದು," ಅಂದ ಶೀನಿ. ಸ್ವಲ್ಪ ತಡೆದು, "ಜೋರು ಮಳೆಗೆ ಒಂದೂವರೆ."

"ರೈಟ್‌ಗಿಂತ ಐದೂವರೆ ಬಕೆಟ್ ಮುಂದಿದ್ದೀಯ!" ಅಂತ ಪದ್ದು ಅವನ ಫೋನ್ ಕಿತ್ತು, ನಂಬರ್ ಒತ್ತಿ, ಸ್ಪೀಕರ್ ಹಾಕಿಯೇ ಬಿಟ್ಟಳು. ಶೀನಿ ತಡವರಿಸುತ್ತ ಪ್ರಶಸ್ತಿ, ಅರ್ಜಿ, ಫೋಟೋ ಎಲ್ಲ ಹೇಳಿದ. ಸೋರುವ ವಿಷಯ ಮಾತ್ರ ಬಾಯಿ ಬಿಡಲಿಲ್ಲ.

"ಅದಕ್ಕೇನಪ್ಪ, ಧಾರಾಳವಾಗಿ ಬಾ," ಅಂದರು ಅಜ್ಜಿ. "ಫೋಟೋ ತೆಗೆಯುವಾಗ ಬಕೆಟ್ ಎತ್ತಿಡಬೇಕೋ, ಅಲ್ಲೇ ಇರಲೋ?"